ರಕ್ತದ ಚೀಟಿಯ ಅಕ್ಷರಗಳು ಕುದುರೆಯ ತಳಿಯನ್ನು ಹೇಳುತ್ತವೆಯೇ?

ಪ್ರಶ್ನೆ: ನಮ್ಮ ತೋಟದಲ್ಲಿ ಥರೋಬ್ರೆಡ್ ಎಂಬ ರೇಸ್ ತಳಿಯ ಎರಡು ಹೆಣ್ಣು ಕುದುರೆಗಳಿವೆ. ಅವುಗಳ ಜೊತೆ ಬಂದ ಕಾಗದದ ಕಟ್ಟಿನಲ್ಲಿ ಒಂದು ಹಳೆಯ ಚೀಟಿಯ ಜೆರಾಕ್ಸ್ ಪ್ರತಿ ಸಿಕ್ಕಿತು. ಹೊರದೇಶದಿಂದ ತಂದ ಅವುಗಳ ಮುತ್ತಜ್ಜಿಯ ರಕ್ತವನ್ನು 1989ರಲ್ಲಿ ಪರೀಕ್ಷಿಸಿದ ವರದಿ ಅದು. ಅದರಲ್ಲಿ "ಟಿಎಫ್ ಡಿ/ಎಫ್2, ಎಎಲ್ ಬಿ, ಜಿಸಿ ಎಫ್, ಇಎಸ್ ಎಫ್/ಐ, ಎ1ಬಿ ಕೆ, ಪಿಜಿಡಿ ಎಫ್/ಎಸ್" ಎಂದು ಬರೆದಿದೆ. ಇದರ ಅರ್ಥವೇನು? ಇದನ್ನು ನೋಡಿ ಕುದುರೆ ಶುದ್ಧ ತಳಿಯದೇ ಎಂದು ಹೇಳಬಹುದೇ? ಟ್ರಾನ್ಸ್‌ಫೆರಿನ್ ಡಿ ಇರುವ ಕುದುರೆ ಚೆನ್ನಾಗಿ ಓಡುತ್ತದೆ ಎಂದು ಒಬ್ಬರು ಹೇಳಿದರು, ನಿಜವೇ? ಈಗ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಈ ಚೀಟಿಯೊಂದಿಗೆ ತಾಳೆ ನೋಡಲು ಬರುತ್ತದೆಯೇ?

ಉತ್ತರ: ಆ ಚೀಟಿ ಬರೆದದ್ದು "ಈ ಮರಿ ಈ ತಾಯಿ ತಂದೆಯದಲ್ಲ" ಎಂದು ಹಿಡಿದು ಹೇಳುವುದಕ್ಕೆ. ತಳಿಯನ್ನು ಹೇಳುವುದಕ್ಕೆ ಅಲ್ಲ. ಅದರಲ್ಲಿರುವ ಒಂದೊಂದು ಅಕ್ಷರವೂ ಹತ್ತಾರು ತಳಿಗಳಲ್ಲಿ ಸಿಗುತ್ತದೆ. ತಳಿಯಿಂದ ತಳಿಗೆ ಬದಲಾಗುವುದು ಆ ಅಕ್ಷರ ನೂರರಲ್ಲಿ ಎಷ್ಟು ಸಲ ಸಿಗುತ್ತದೆ ಎಂಬ ಪ್ರಮಾಣ. ಈ ವ್ಯತ್ಯಾಸ ತಿಳಿಯದೆ ಚೀಟಿ ಓದಿದರೆ ದಾರಿ ತಪ್ಪುವುದು ಖಂಡಿತ, ಹಾಗಾಗಿ ಅಕ್ಷರಗಳಿಂದಲೇ ಶುರು ಮಾಡೋಣ.

ಟಿಎಫ್ ಎಂದರೆ ಟ್ರಾನ್ಸ್‌ಫೆರಿನ್, ರಕ್ತದಲ್ಲಿ ಕಬ್ಬಿಣಾಂಶವನ್ನು ಹೊರುವ ಪ್ರೋಟೀನು. ಎಎಲ್ ಆಲ್ಬುಮಿನ್. ಜಿಸಿ ಎಂಬುದು ವಿಟಮಿನ್ ಡಿಯನ್ನು ಹೊರುವಂಥದ್ದು. ಇಎಸ್ ಎಸ್ಟರೇಸ್ ಎಂಬ ಕಿಣ್ವ. ಎ1ಬಿ ಒಂದು ಗ್ಲೈಕೊಪ್ರೋಟೀನು. ಅದು ಯಾವುದೆಂದು ಪತ್ತೆಯಾಗುವ ಮೊದಲು ಅದನ್ನು ಎಕ್ಸ್‌ಕೆ ಎಂದು ಕರೆಯುತ್ತಿದ್ದರು, ಆದ್ದರಿಂದ ಇನ್ನೂ ಹಳೆಯ ಕಾಗದದಲ್ಲಿ ಆ ಹೆಸರು ಕಂಡರೆ ಎರಡೂ ಒಂದೇ ಎಂದು ತಿಳಿಯಿರಿ. ಹಾಗೆಯೇ ಪಿಐ ಎಂಬ ಪ್ರೋಟಿಯೇಸ್ ಇನ್‌ಹಿಬಿಟರ್ ಮೊದಲು ಪಿಆರ್, ಅಂದರೆ ಪ್ರಿಆಲ್ಬುಮಿನ್ ಆಗಿತ್ತು. ಇವೆಲ್ಲ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವ ಭಾಗದಲ್ಲಿ ಇರುವವು. ಪಿಜಿಡಿ, ಪಿಜಿಎಂ, ಜಿಪಿಐ, ಸಿಎ ಎಂಬವು ಕೆಂಪು ರಕ್ತಕಣದ ಒಳಗಿನ ಕಿಣ್ವಗಳು.

ಇನ್ನು ಡಿ, ಎಫ್, ಐ, ಎಸ್. ಇವು ಅಂಕಪಟ್ಟಿಯ ದರ್ಜೆಗಳಲ್ಲ. ಜೆಲ್ಲಿನಲ್ಲಿ ವಿದ್ಯುತ್ ಹರಿಸಿದಾಗ ಪ್ರೋಟೀನಿನ ಆ ರೂಪ ಎಷ್ಟು ಬೇಗ ಸಾಗಿತು ಎಂಬುದರ ಗುರುತು. ಎಫ್ ಎಂದರೆ ಫಾಸ್ಟ್, ಎಸ್ ಎಂದರೆ ಸ್ಲೋ, ನಡುವಿನದು ಐ. ಮುಂದೆ ಹೊಸ ರೂಪಗಳು ಸಿಕ್ಕಂತೆಲ್ಲ ವೇಗದ ಕ್ರಮಕ್ಕೆ ತಕ್ಕಂತೆ ಅಕ್ಷರಮಾಲೆಯಲ್ಲಿ ಜಾಗ ಕೊಟ್ಟರು. ಹೀಗಾಗಿ ಟ್ರಾನ್ಸ್‌ಫೆರಿನ್ ಡಿ ಎಫ್‌ಗಿಂತ ಮುಂದೆ, ಎಚ್, ಎಂ, ಒ, ಆರ್ ಒಂದರ ಹಿಂದೊಂದು. ಟಿಎಫ್ ಒ ಎಂದರೆ ಸೊನ್ನೆಯಲ್ಲ, "ಏನೂ ಇಲ್ಲ" ಎಂಬ ಅರ್ಥವೂ ಅಲ್ಲ. ಅದು ಎಂ ಮತ್ತು ಆರ್ ನಡುವಿನ ಅಕ್ಷರ. ಕಾಗದ ಕಂಪ್ಯೂಟರಿಗೆ ಏರಿಸುವವರು ಅದನ್ನು ಸೊನ್ನೆ ಎಂದು ಟೈಪ್ ಮಾಡಿದರೆ ಆಮೇಲೆ ಓದುವವರು ಪ್ರೋಟೀನೇ ಇಲ್ಲದ ಕುದುರೆ ಎಂದುಕೊಂಡಾರು.

ಎಫ್ ಪಕ್ಕದ 2 ಎಲ್ಲಿಂದ ಬಂತು? ಮೊದಲಿನ ಜೆಲ್ಲುಗಳಲ್ಲಿ ಒಂದೇ ಗೆರೆಯಾಗಿ ಕಂಡ ಎಫ್, ಇನ್ನೂ ಸೂಕ್ಷ್ಮವಾದ ವಿಧಾನ ಬಂದ ಮೇಲೆ ಎಫ್1, ಎಫ್2 ಎಂದು ಎರಡಾಯಿತು. ಎಚ್ ಕೂಡ ಹಾಗೆಯೇ. ಅದೇ ಕುದುರೆಯ 1970ರ ದಶಕದ ಚೀಟಿಯಲ್ಲಿ ಡಿ/ಎಫ್ ಎಂದೂ 1989ರದರಲ್ಲಿ ಡಿ/ಎಫ್2 ಎಂದೂ ಇದ್ದರೆ ಅದು ತಿರುಚಿದ ದಾಖಲೆಯಲ್ಲ. ಆಲ್ಬುಮಿನ್ನಿಗೂ ಕೆಲವರು ಎ, ಬಿ ಎಂದೂ ಕೆಲವರು ಎಫ್, ಎಸ್ ಎಂದೂ ಬರೆದ ಕಾಲವೊಂದಿತ್ತು.

ಓರೆಗೆರೆಯ ಎರಡು ಬದಿಯ ಅಕ್ಷರಗಳಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಯಾವುದು ಯಾರಿಂದ ಎಂದು ಚೀಟಿ ಹೇಳುವುದಿಲ್ಲ. ಎರಡೂ ರೂಪ ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ, ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ರೋಮದ ಬಣ್ಣದ ಹಾಗೆ ಇಲ್ಲಿ ಪ್ರಬಲ, ದುರ್ಬಲ ಎಂಬ ಮರೆ ಇಲ್ಲದ್ದರಿಂದಲೇ ಈ ಪ್ರೋಟೀನುಗಳು ಅಷ್ಟು ಬಳಕೆಗೆ ಬಂದವು. "ಎಎಲ್ ಬಿ" ಎಂದು ಒಂದೇ ಅಕ್ಷರ ಇದ್ದರೆ ಎರಡೂ ಕಡೆಯಿಂದ ಬಿ ಬಂದಿದೆ ಎಂದು ಸಾಮಾನ್ಯವಾಗಿ ಓದುತ್ತಾರೆ. ಸಾಮಾನ್ಯವಾಗಿ ಎಂದದ್ದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ವೇಗದ ವ್ಯತ್ಯಾಸ ಹುಟ್ಟುವುದು ಹೇಗೆ? ಪ್ರೋಟೀನು ಎಂದರೆ ಅಮೈನೊ ಆಮ್ಲಗಳ ಸರ. ಜೀನಿನಲ್ಲಿ ಒಂದು ಅಕ್ಷರ ಬದಲಾದರೆ ಸರದ ಒಂದು ಮಣಿ ಬದಲಾಗಬಹುದು. ಋಣ ವಿದ್ಯುದಂಶವಿರುವ ಗ್ಲುಟಮಿಕ್ ಆಮ್ಲದ ಜಾಗಕ್ಕೆ ಧನ ವಿದ್ಯುದಂಶದ ಲೈಸಿನ್ ಬಂತೆನ್ನಿ, ಪ್ರೋಟೀನಿನ ಒಟ್ಟು ವಿದ್ಯುದಂಶ ಎರಡು ಘಟಕ ಬದಲಾಗಿ, ಜೆಲ್ಲಿನಲ್ಲಿ ಧನ ತುದಿಯ ಕಡೆಗಿನ ಓಟ ನಿಧಾನವಾಗುತ್ತದೆ. ವಿದ್ಯುದಂಶವೇ ಇಲ್ಲದ ಮಣಿ ಅಂಥದ್ದೇ ಇನ್ನೊಂದಕ್ಕೆ ಬದಲಾದರೆ ಜೆಲ್ಲಿಗೆ ಅದರ ಸುಳಿವೇ ಸಿಗದಿರಬಹುದು. ಕುದುರೆಯ ಹಿಮೋಗ್ಲೋಬಿನ್ ಇದನ್ನು ಚೆನ್ನಾಗಿ ತೋರಿಸುತ್ತದೆ. ಅದರ ಆಲ್ಫಾ ಸರದಲ್ಲಿ ಎರಡು ಕಡೆ ವ್ಯತ್ಯಾಸವಿದೆ: 24ನೇ ಜಾಗದಲ್ಲಿ ಫಿನೈಲಲನೀನ್ ಅಥವಾ ಟೈರೋಸೀನ್, 60ನೇ ಜಾಗದಲ್ಲಿ ಗ್ಲುಟಮಿನ್ ಅಥವಾ ಲೈಸಿನ್. 60ರ ಬದಲಾವಣೆ ಸಾಮಾನ್ಯ ಎಲೆಕ್ಟ್ರೋಫೊರೆಸಿಸ್‌ನಲ್ಲಿ, ಅಂದರೆ ಜೆಲ್ಲಿನಲ್ಲಿ ವಿದ್ಯುತ್ ಹರಿಸುವ ವಿಧಾನದಲ್ಲಿ, ಕಣ್ಣಿಗೆ ಬೀಳುತ್ತದೆ, 24ರದು ಬೀಳುವುದಿಲ್ಲ. ಮೇಲಾಗಿ ಕುದುರೆಗೆ ಆಲ್ಫಾ ಜೀನು ಪಕ್ಕಪಕ್ಕದಲ್ಲಿ ಎರಡು ಇರುವುದರಿಂದ ತಾಯಿ ತಂದೆ ಇಬ್ಬರಿಂದಲೂ ಒಂದೇ ಬಗೆ ಪಡೆದ ಕುದುರೆಯೂ ಎರಡು ಗೆರೆ ತೋರಿಸಬಹುದು, ಸುಮಾರು 60:40ರ ಪ್ರಮಾಣದಲ್ಲಿ. ಎರಡು ಗೆರೆ ಕಂಡ ಕೂಡಲೇ "ಮಿಶ್ರ" ಎನ್ನುವ ಅವಸರ ಇಲ್ಲಿ ನಡೆಯುವುದಿಲ್ಲ. ಮ್ಯಾಕ್ಸ್ ಪೆರುಟ್ಜ್ ಅವರಿಗೆ 1962ರಲ್ಲಿ ನೊಬೆಲ್ ತಂದುಕೊಟ್ಟ ಹಿಮೋಗ್ಲೋಬಿನ್ ಹರಳುಗಳೂ ಕುದುರೆಯ ರಕ್ತದವೇ.

ಗೆರೆ ಓದುವಾಗ ಪ್ರೋಟೀನು ಎಷ್ಟು ಸರಗಳಿಂದ ಕೂಡಿದೆ ಎಂಬುದು ಮುಖ್ಯ. ಆಲ್ಬುಮಿನ್, ಟ್ರಾನ್ಸ್‌ಫೆರಿನ್, ಪಿಜಿಎಂ ಒಂಟಿ ಸರದವು: ಎ/ಬಿ ಆದ ಕುದುರೆ ಎ ಗೆರೆ ಮತ್ತು ಬಿ ಗೆರೆ ಎರಡನ್ನೂ ತೋರಿಸುತ್ತದೆ, ನಡುವೆ ಏನೂ ಇರುವುದಿಲ್ಲ. ಪಿಜಿಡಿ ಮತ್ತು ಜಿಪಿಐ ಜೋಡಿ ಸರದವು. ಎಫ್/ಎಸ್ ಕುದುರೆಯಲ್ಲಿ ಎಫ್ ಜೊತೆ ಎಫ್, ಎಸ್ ಜೊತೆ ಎಸ್ ಕೂಡುವುದರ ಜೊತೆಗೆ ಎಫ್ ಜೊತೆ ಎಸ್ ಕೂಡ ಜೋಡಿಯಾಗುತ್ತದೆ. ಹಾಗಾಗಿ ಮೂರು ಗೆರೆ, 1:2:1ರ ದಪ್ಪದಲ್ಲಿ, ನಡುವಿನದೇ ಗಾಢ. ನಿಮ್ಮ ಚೀಟಿಯ "ಪಿಜಿಡಿ ಎಫ್/ಎಸ್" ಹೀಗೆ ಮೂರು ಗೆರೆ ನೋಡಿ ಬರೆದದ್ದು. ನಾಲ್ಕು ಸರದ ಕ್ಯಾಟಲೇಸ್‌ನಲ್ಲಿ ಐದು ಗೆರೆ ಒಂದರ ಮೇಲೊಂದು ಹಬ್ಬಿ ಅಗಲವಾದ ಪಟ್ಟಿಯಂತೆ ಕಾಣುತ್ತದೆ.

ಜೆಲ್ ತಯಾರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಚೀಟಿಯ ಹಲವು ತಪ್ಪುಗಳು ಹುಟ್ಟುವುದು ಅಲ್ಲೇ. 1955ರಲ್ಲಿ ಟೊರಾಂಟೊದಲ್ಲಿ ಆಲಿವರ್ ಸ್ಮಿತೀಸ್ ಆಲೂಗಡ್ಡೆಯ ಪಿಷ್ಟದ ಜೆಲ್ಲನ್ನು ಬಳಕೆಗೆ ತಂದರು. ಚಿಕ್ಕಂದಿನಲ್ಲಿ ಅವರ ತಾಯಿ ಬಟ್ಟೆಗೆ ಹಾಕುತ್ತಿದ್ದ ಗಂಜಿ ಆರಿದ ಮೇಲೆ ಗಟ್ಟಿಯಾಗುವುದನ್ನು ಕಂಡ ನೆನಪು ಅವರಿಗೆ ದಾರಿ ತೋರಿತು. ಕುದುರೆಯ ರಕ್ತಕ್ಕೆ ಇದನ್ನು ತಂದವರಲ್ಲಿ ನಾರ್ವೆಯ ಮಿಕಾಯೆಲ್ ಬ್ರೆಂಡ್, ಸ್ವೀಡನ್ನಿನ ಬೊ ಗಾಹ್ನೆ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಕ್ಲೈಡ್ ಸ್ಟಾರ್ಮಾಂಟ್ ಮುಂದಾಳುಗಳು. ಟ್ರಾನ್ಸ್‌ಫೆರಿನ್, ಆಲ್ಬುಮಿನ್, ಎಸ್ಟರೇಸ್ ರೂಪಗಳು ಮರಿಗಳಿಗೆ ಯಾವ ಲೆಕ್ಕದಲ್ಲಿ ಇಳಿಯುತ್ತವೆ ಎಂಬುದು 1960ರ ದಶಕದಲ್ಲೇ ಸ್ಪಷ್ಟವಾಯಿತು.

ನೂರು ಮಿಲಿ ಬಫರಿಗೆ (ಆಮ್ಲ-ಕ್ಷಾರದ ಮಟ್ಟ ಬದಲಾಗದಂತೆ ಕಾಯುವ ದ್ರಾವಣ) 11ರಿಂದ 12 ಗ್ರಾಂ ಹದ ಮಾಡಿದ ಆಲೂಗಡ್ಡೆ ಪಿಷ್ಟ. ರಾಗಿ ಅಂಬಲಿ ಕಾಯಿಸುವಾಗಿನಂತೆ ಕೈ ಬಿಡದೆ ಆಡಿಸುತ್ತಾ ಕಾಯಿಸಬೇಕು. ಮೊದಲು ಬೆಳ್ಳಗೆ, ಆಮೇಲೆ ಅಂಟಂಟಾಗಿ, ಕೊನೆಗೆ ತುಸು ಪಾರದರ್ಶಕವಾಗಿ ಗುಳ್ಳೆ ಏಳುತ್ತದೆ. ನಿರ್ವಾತ ಪಂಪಿಗೆ ಹಚ್ಚಿ ಗುಳ್ಳೆ ತೆಗೆಯದಿದ್ದರೆ ಪ್ರೋಟೀನು ಗುಳ್ಳೆಯನ್ನು ಬಳಸಿಕೊಂಡು ಹೋಗಿ ಗೆರೆ ಸೊಟ್ಟಗಾಗುತ್ತದೆ. ಸುಮಾರು 6 ಮಿಮೀ ದಪ್ಪಕ್ಕೆ ಅಚ್ಚಿಗೆ ಸುರಿದು, ಆರಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ಸೀಳು ಮಾಡಿ, ಒಂದೊಂದು ಕುದುರೆಯ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಅದ್ದಿದ ಸಣ್ಣ ಫಿಲ್ಟರ್ ಕಾಗದದ ತುಂಡುಗಳನ್ನು ಸಾಲಾಗಿ ಸಿಕ್ಕಿಸಬೇಕು. ತುಂಡುಗಳು ಒಂದಕ್ಕೊಂದು ತಗಲಿದರೆ ಪಕ್ಕದ ಕುದುರೆಯ ಪ್ರೋಟೀನು ಇದಕ್ಕೆ ಬರುತ್ತದೆ, ಡಿ ಕುದುರೆ ಡಿ/ಎಫ್ ಆಗಿಬಿಡುತ್ತದೆ. ಶೀತದಲ್ಲಿ, 4 ಡಿಗ್ರಿ ಸೆಲ್ಸಿಯಸ್ ಹತ್ತಿರ, ವಿದ್ಯುತ್ ಹರಿಸುತ್ತಾರೆ. ಬೋರೇಟ್ ಬಫರ್ ಬಳಸಿದಾಗ ಜೆಲ್ಲಿನಲ್ಲಿ ಕಂದು ಬಣ್ಣದ ಸಣ್ಣ ಗೆರೆಯೊಂದು ಮುಂದೆ ಸಾಗುವುದು ಕಾಣುತ್ತದೆ. ಅದು ಸೀಳಿನಿಂದ ನಿಗದಿ ದೂರ ಹೋದಾಗ ನಿಲ್ಲಿಸುವುದು ಗಡಿಯಾರ ನೋಡಿ ನಿಲ್ಲಿಸುವುದಕ್ಕಿಂತ ಎಷ್ಟೋ ಭರವಸೆಯದು, ಏಕೆಂದರೆ ಅದೇ ಗಂಟೆಗಳಲ್ಲಿ ಒಂದು ದಿನ ಜೆಲ್ ಬಿಸಿಯಾಗಿ ಬೇಗ ಓಡಬಹುದು, ಇನ್ನೊಂದು ದಿನ ನಿಧಾನ.

ಆಮೇಲೆ ಬಿಗಿದ ಸಣ್ಣ ತಂತಿಯಿಂದ ಜೆಲ್ಲನ್ನು ಅಡ್ಡಲಾಗಿ ಪದರಪದರವಾಗಿ ಸೀಳುತ್ತಾರೆ. ಒಂದೇ ಓಟದ ಒಂದೊಂದು ಪದರಕ್ಕೆ ಒಂದೊಂದು ಬಣ್ಣ. ಪ್ರೋಟೀನಿಗೆ ಅಮಿಡೊ ಬ್ಲ್ಯಾಕ್. ಎಸ್ಟರೇಸಿಗೆ ಆಲ್ಫಾ ನ್ಯಾಫ್ತೈಲ್ ಅಸಿಟೇಟ್ ಜೊತೆ ಫಾಸ್ಟ್ ಬ್ಲೂ ಆರ್‌ಆರ್. ಪಿಜಿಡಿಗೆ ಪಿಎಚ್ 8ರ ಟ್ರಿಸ್ ಬಫರಿನಲ್ಲಿ 6-ಫಾಸ್ಫೋಗ್ಲುಕೊನೇಟ್, ಎನ್‌ಎಡಿಪಿ, ಎಂಟಿಟಿ, ಪಿಎಂಎಸ್ ಎಂಬ ರಾಸಾಯನಿಕಗಳು, ತುಸು ಮೆಗ್ನೀಸಿಯಮ್ ಕ್ಲೋರೈಡ್. 37 ಡಿಗ್ರಿಯಲ್ಲಿ ಕತ್ತಲಲ್ಲಿಟ್ಟರೆ ಕಿಣ್ವ ಇರುವ ಜಾಗದಲ್ಲಷ್ಟೇ ನೀಲಿ ಗೆರೆ ಮೂಡುತ್ತದೆ. ಬೆಳಕು ಬಿದ್ದರೆ ಪಿಎಂಎಸ್ ತಾನಾಗಿ ಕೆಲಸ ಮಾಡಿ ಇಡೀ ಜೆಲ್ಲು ನೀಲಿಗಟ್ಟುತ್ತದೆ, ಗೆರೆ ಮುಳುಗಿಹೋಗುತ್ತದೆ. ಪಕ್ಕದ ಒಂದು ಸೀಳಿನಲ್ಲಿ ಯಾವಾಗಲೂ ಮಾದರಿ ಗೊತ್ತಿರುವ ಕುದುರೆಯ ಸೀರಂ ಇರಲೇಬೇಕು. ಮಾದರಿಯಿಲ್ಲದೆ ಓದಿದ ಜೆಲ್ಲಿಗೆ ಬೆಲೆಯಿಲ್ಲ.

ಲ್ಯಾಬಿನ ಕೆಲಸ ಅಚ್ಚುಕಟ್ಟಾಗಿದ್ದರೂ ರಕ್ತವೇ ಸರಿಯಿಲ್ಲದಿದ್ದರೆ ಏನೂ ಪ್ರಯೋಜನವಿಲ್ಲ. ಕುತ್ತಿಗೆಯ ಜುಗುಲರ್ ರಕ್ತನಾಳದಿಂದ ತೆಗೆದ ರಕ್ತದ ಒಂದು ಭಾಗ ಹೆಪ್ಪುಗಟ್ಟದಂತೆ ತಡೆಯುವ ಎಸಿಡಿ ಟ್ಯೂಬಿಗೆ, ಒಂದು ಭಾಗ ಬರಿಯ ಟ್ಯೂಬಿಗೆ ಹೋಗಬೇಕು. ಮೊದಲನೆಯದು ಕೆಂಪುಕಣಕ್ಕೆ, ಎರಡನೆಯದು ಸೀರಂಗೆ. ಇಡೀ ರಕ್ತವನ್ನು ಫ್ರೀಜರಿಗೆ ಇಟ್ಟರೆ ಕಣ ಒಡೆದು ಹಿಮೋಗ್ಲೋಬಿನ್ ಸೀರಂಗೆ ಸೇರಿ ಟ್ರಾನ್ಸ್‌ಫೆರಿನ್ ವಲಯವನ್ನೇ ಕದಡುತ್ತದೆ. ಫ್ರಿಜ್ಜಿನ ತಂಪು ಸಾಕು. ಕೆಂಪುಕಣಗಳನ್ನು 0.9 ಶೇಕಡ ಉಪ್ಪುನೀರಿನಲ್ಲಿ ಮೂರು ಸಲ ತೊಳೆದ ಮೇಲೆಯೇ ಒಡೆಯಬೇಕು, ಇಲ್ಲದಿದ್ದರೆ ಪ್ಲಾಸ್ಮಾದ ಎಸ್ಟರೇಸ್ ಕಣದ್ದೆಂದು ಕಾಣುತ್ತದೆ.

ಹಳಸಿದ ಸೀರಂ ಇನ್ನೊಂದು ಬಗೆಯಲ್ಲಿ ಮೋಸ ಮಾಡುತ್ತದೆ. ಟ್ರಾನ್ಸ್‌ಫೆರಿನ್‌ಗೆ ಅಂಟಿಕೊಂಡ ಸಕ್ಕರೆ ಸರಗಳ ತುದಿಯಲ್ಲಿ ಸಯಾಲಿಕ್ ಆಮ್ಲ ಇರುತ್ತದೆ. ಅದರದು ಋಣ ವಿದ್ಯುದಂಶ. ಸೀರಂನಲ್ಲಿ ಬ್ಯಾಕ್ಟೀರಿಯಾ ಬೆಳೆದರೆ ಅವುಗಳ ನ್ಯೂರಾಮಿನಿಡೇಸ್ ಕಿಣ್ವ ಆ ತುದಿಯನ್ನು ಕಡಿದುಹಾಕುತ್ತದೆ. ಗೆರೆ ಹಿಂದೆ ಬೀಳುತ್ತದೆ, ಹೊಸ ನಿಧಾನ ಗೆರೆಗಳು ಹುಟ್ಟುತ್ತವೆ. ಜೀನು ಬದಲಾಗಿಲ್ಲ, ಆದರೆ ಓದುವವರ ಕಣ್ಣಿಗೆ ಬೇರೆಯೇ ರೂಪ ಕಾಣುತ್ತದೆ. ಒಂದೇ ಕುದುರೆಯ ಎರಡು ಚೀಟಿಗಳಲ್ಲಿ ಟಿಎಫ್ ಮಾತ್ರ ತಾಳೆಯಾಗದೆ ಉಳಿದೆಲ್ಲ ಸರಿಯಿದ್ದರೆ ಮೊದಲು ಇದನ್ನೇ ಶಂಕಿಸಬೇಕು.

ಪ್ಲಾಸ್ಮಾ ಏರಿಸಿದ ಮರಿಗಳ ವಿಷಯವೂ ಹೀಗೆಯೇ. ಗಿಣ್ಣುಹಾಲು ಸರಿಯಾಗಿ ಸಿಗದ ಮರಿಗೆ ಬೇರೆ ಕುದುರೆಯ ಪ್ಲಾಸ್ಮಾವನ್ನು ಲೀಟರುಗಟ್ಟಲೆ ಕೊಡುವುದುಂಟು. ಅದರೊಂದಿಗೆ ದಾನಿಯ ಆಲ್ಬುಮಿನ್, ಟ್ರಾನ್ಸ್‌ಫೆರಿನ್, ಎಸ್ಟರೇಸ್ ಎಲ್ಲವೂ ಬರುತ್ತವೆ. ಕುದುರೆಯಲ್ಲಿ ಆಲ್ಬುಮಿನ್ ಅರ್ಧಕ್ಕೆ ಇಳಿಯಲು ಸುಮಾರು 19 ದಿನ ಬೇಕು. ಆ ಮರಿಯ ಸೀರಂ ಪರೀಕ್ಷಿಸಿದರೆ ವಾರಗಟ್ಟಲೆ ದಾನಿಯ ಗೆರೆಗಳೂ ಕಾಣುತ್ತವೆ.

ಈಗ ಚೀಟಿಯ ನಿಜವಾದ ಉದ್ದೇಶಕ್ಕೆ ಬರೋಣ. ಮರಿಯ ಎರಡು ಅಕ್ಷರಗಳಲ್ಲಿ ಒಂದನ್ನು ತಾಯಿ ಕೊಟ್ಟಿರಬೇಕು, ಇನ್ನೊಂದನ್ನು ತಂದೆ. ನಿಮ್ಮ ಮುತ್ತಜ್ಜಿ ಕುದುರೆ ಡಿ/ಎಫ್2. ಅದರ ಮರಿ ಡಿ/ಒ ಎಂದಿಟ್ಟುಕೊಳ್ಳಿ. ತಾಯಿ ಒ ಕೊಡಲಾರಳು, ಡಿ ಕೊಟ್ಟಿದ್ದಾಳೆ. ಹಾಗಾದರೆ ಒ ತಂದೆಯಿಂದ ಬಂದಿರಲೇಬೇಕು. ದಾಖಲೆಯಲ್ಲಿ ಹೆಸರಿಸಿದ ಗಂಡು ಡಿ/ಆರ್ ಆಗಿದ್ದರೆ ಅದು ತಂದೆಯಲ್ಲ. ಇದು ಗಟ್ಟಿ ನಿರಾಕರಣೆ. ಇನ್ನೊಂದು ಬಗೆಯದು ಹೀಗೆ: ತಾಯಿ ಆಲ್ಬುಮಿನ್ ಬಿ, ಮರಿ ಆಲ್ಬುಮಿನ್ ಎ. ಎರಡೂ ಒಂಟಿ ಅಕ್ಷರ, ಎದುರುಬದುರು. ಇಲ್ಲಿ ಸ್ವಲ್ಪ ತಡೆಯಬೇಕು. ಒಂದೇ ಜೀನಿನ ಬೇರೆ ಬೇರೆ ರೂಪಗಳಿಗೆ ಆಲೀಲ್ ಎನ್ನುತ್ತಾರೆ; ಗೆರೆಯನ್ನೇ ಮೂಡಿಸದ ಮೌನ ಆಲೀಲ್ ಒಂದು ತಾಯಿಯಿಂದ ಮರಿಗೆ ಬಂದಿದ್ದರೆ ತಾಯಿ "ಬಿ ಮತ್ತು ಮೌನ", ಮರಿ "ಎ ಮತ್ತು ಮೌನ" ಆಗಿದ್ದು, ಇಬ್ಬರೂ ಒಂಟಿ ಗೆರೆ ತೋರಿಸಿಯಾರು. ಆದ್ದರಿಂದ ಇಂಥ ಒಂದೇ ಒಂದು ಎದುರುಬದುರಿನ ಮೇಲೆ ಯಾವ ತಾಯಿ ತಂದೆಯನ್ನೂ ತಳ್ಳಿಹಾಕಬಾರದು, ಇನ್ನೊಂದು ವ್ಯವಸ್ಥೆಯಲ್ಲಾದರೂ, ಅಂದರೆ ಚೀಟಿಯ ಇನ್ನೊಂದು ಪ್ರೋಟೀನಿನಲ್ಲಾದರೂ, ವಿರೋಧ ಸಿಗಬೇಕು. ಮೇಲೆ "ಸಾಮಾನ್ಯವಾಗಿ" ಎಂದದ್ದು ಇದಕ್ಕೇ.

ತಾಳೆಯಾಯಿತು ಎಂದರೆ ಅದೇ ತಂದೆ ಎಂದು ಸಾಬೀತಾಯಿತೆ? ಇಲ್ಲ. ಎರಡು ಆಲೀಲ್‌ಗಳಿರುವ ವ್ಯವಸ್ಥೆಯಲ್ಲಿ ತಪ್ಪು ತಂದೆಯನ್ನು ಹಿಡಿಯುವ ಸಂಭವ ಪಿಕ್ಯೂ(1−ಪಿಕ್ಯೂ). ಪಿ, ಕ್ಯೂ ಎಂದರೆ ಎರಡು ಆಲೀಲ್‌ಗಳ ಪ್ರಮಾಣ. ಎರಡೂ ಅರ್ಧರ್ಧ ಇದ್ದಾಗ, ಅಂದರೆ ಅತ್ಯಂತ ಅನುಕೂಲದ ಸ್ಥಿತಿಯಲ್ಲಿ, ಅದು 0.1875. ಪ್ರಮಾಣ 0.8, 0.2 ಆದರೆ 0.134. ಹೀಗೆ ತಲಾ 0.15 ಕೊಡುವ 10 ವ್ಯವಸ್ಥೆ ಸೇರಿದರೆ 80 ಶೇಕಡ, 15 ಸೇರಿದರೆ 91 ಶೇಕಡ. ಟ್ರಾನ್ಸ್‌ಫೆರಿನ್, ಪಿಐ ತರಹ ಆಲೀಲ್‌ಗಳು ಹೆಚ್ಚಿರುವವು ಇದಕ್ಕಿಂತ ಹೆಚ್ಚು ಕೊಡುತ್ತವೆ. ಐದು ಆಲೀಲ್ ಇದ್ದರೆ ಹದಿನೈದು ಬಗೆಯ ಜೋಡಿ ಸಾಧ್ಯ. ಜೊತೆಗೆ ಕೆಂಪುಕಣದ ರಕ್ತಗುಂಪುಗಳನ್ನೂ ಸೇರಿಸಿ 90ರ ಮೇಲಕ್ಕೆ ಏರಿಸುತ್ತಿದ್ದರು. ಥರೋಬ್ರೆಡ್ ನೋಂದಣಿ ನೋಡಿಕೊಳ್ಳುವ ಅಮೆರಿಕದ ಜಾಕಿ ಕ್ಲಬ್ 1987ರಿಂದ ಥರೋಬ್ರೆಡ್ ಮರಿಗಳಿಗೆಲ್ಲ ರಕ್ತ ಪರೀಕ್ಷೆಯ ಮೂಲಕ ತಾಯಿ ತಂದೆಯ ತಾಳೆ ಕಡ್ಡಾಯ ಮಾಡಿ, 2001ರ ಮರಿಗಳಿಂದ ಡಿಎನ್‌ಎಗೆ ಬದಲಾಯಿಸಿದ್ದು ಈ ಉಳಿದ ಕೆಲವು ಶೇಕಡದ ಕಾರಣಕ್ಕೂ ಹೌದು.

ತಳಿಯ ಪ್ರಶ್ನೆ. ಥರೋಬ್ರೆಡ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಟ್ರಾನ್ಸ್‌ಫೆರಿನ್ ರೂಪಗಳು ಡಿ, ಎಫ್1, ಎಫ್2, ಎಚ್2, ಒ, ಆರ್. ನಿಮ್ಮದು ಡಿ/ಎಫ್2, ಅದರೊಳಗೇ ಬರುತ್ತದೆ. ಆದರೆ ಡಿ ಮತ್ತು ಎಫ್ ಅರಬ್ಬಿ ಕುದುರೆಯಲ್ಲೂ, ಬಂಡಿ ಎಳೆಯುವ ಭಾರಿ ಕುದುರೆಗಳಲ್ಲೂ ಇವೆ. ಹಾಗಾದರೆ ತಳಿಗಳ ನಡುವಿನ ವ್ಯತ್ಯಾಸ ಎಲ್ಲಿಂದ? ಥರೋಬ್ರೆಡ್‌ನ ಗಂಡು ಪರಂಪರೆಯೆಲ್ಲ ಬಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡೊಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಗಳಿಗೆ ಹೋಗಿ ನಿಲ್ಲುತ್ತದೆ. ಇಂಗ್ಲೆಂಡಿನ ಜನರಲ್ ಸ್ಟಡ್ ಬುಕ್ ಎಂಬ ವಂಶಾವಳಿ ಪುಸ್ತಕ 1791ರಲ್ಲಿ ಶುರುವಾಯಿತು. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದ ಥರೋಬ್ರೆಡ್ ವಂಶಾವಳಿಯೂ ಹಿಂದೆ ಹೋದರೆ ಅಲ್ಲಿಗೇ ಸೇರುತ್ತದೆ. ಹೀಗೆ ಬಾಗಿಲು ಮುಚ್ಚಿದ ತಳಿಯಲ್ಲಿ ಅಪರೂಪದ ಆಲೀಲ್‌ಗಳು ಯಾವ ಕಾರಣವೂ ಇಲ್ಲದೆ ಕಳೆದುಹೋಗುತ್ತವೆ. ಅಪರೂಪದ ಆಲೀಲನ್ನು ಒಂದೇ ಪ್ರತಿಯಲ್ಲಿ ಹೊತ್ತ ಹೆಣ್ಣು ಕುದುರೆ ಎರಡೇ ಮರಿ ಹಾಕಿ ಸತ್ತರೆ, ಎರಡಕ್ಕೂ ಆ ಆಲೀಲ್ ಹೋಗದಿರುವ ಸಂಭವ ನಾಲ್ಕರಲ್ಲಿ ಒಂದು. ಇದು ತಲೆಮಾರುಗಟ್ಟಲೆ ನಡೆದರೆ ಒಂದು ತಳಿಯಲ್ಲಿ ಉಳಿದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಪ್ರೋಟೀನು ಒಳ್ಳೆಯದೋ ಕೆಟ್ಟದ್ದೋ ಎಂಬುದಕ್ಕೂ ಇದಕ್ಕೂ ಬಹುಪಾಲು ಸಂಬಂಧವಿಲ್ಲ.

ಪ್ರಮಾಣ ಲೆಕ್ಕ ಹಾಕುವುದು ಕಷ್ಟವಲ್ಲ. ಉದಾಹರಣೆಗೆ ಒಂದು ತಳಿಯ 50 ಕುದುರೆಗಳ ಆಲ್ಬುಮಿನ್ ನೋಡಿ 8 ಎ, 20 ಎ/ಬಿ, 22 ಬಿ ಸಿಕ್ಕಿತೆನ್ನಿ. 50 ಕುದುರೆಗೆ 100 ಆಲೀಲ್. ಎ ಪ್ರತಿಗಳು 16+20=36, ಆದ್ದರಿಂದ ಎ 0.36, ಬಿ 0.64. ಬೆರಕೆಗೆ ಅಡ್ಡಿಯಿಲ್ಲದೆ ಜೋಡಿಯಾಗಿದ್ದರೆ ಎ/ಬಿ ಕುದುರೆಗಳು 2×0.36×0.64×50, ಅಂದರೆ 23 ಇರಬೇಕಿತ್ತು, ಸಿಕ್ಕದ್ದು 20. ವ್ಯತ್ಯಾಸ ಆಕಸ್ಮಿಕವೇ ಎಂದು ಅಳೆಯುವ ಕೈಸ್ಕ್ವೇರ್ ಲೆಕ್ಕ 0.87 ಬರುತ್ತದೆ, ಗಡಿಯೆಂದು ಹಿಡಿಯುವ 3.84ಕ್ಕಿಂತ ಕಡಿಮೆ, ಆದ್ದರಿಂದ ಈ ಕೊರತೆ ಆಕಸ್ಮಿಕವೂ ಆಗಿರಬಹುದು. ಕೊರತೆ ದೊಡ್ಡದಾಗಿ ಬಂದರೆ ಒಳಸಂತಾನ ಎಂದು ಕೂಗುವ ಮೊದಲು ಇನ್ನೆರಡು ನೋಡಬೇಕು: ಮೌನ ಆಲೀಲ್ ಇದೆಯೇ, ಮತ್ತು ಎರಡು ಬೇರೆ ಬೇರೆ ಹಿಂಡುಗಳ ರಕ್ತವನ್ನು ಒಂದೇ ಹಿಂಡೆಂದು ಎಣಿಸಿಬಿಟ್ಟೆವೇ. ಎರಡನೆಯ ತಪ್ಪು ತುಂಬಾ ಸಾಮಾನ್ಯ. ಒಂದೇ ಗಂಡಿನ ಹನ್ನೆರಡು ಮರಿಗಳನ್ನು "ತಳಿಯ ಮಾದರಿ" ಎಂದು ತೆಗೆದುಕೊಳ್ಳುವುದು ಅದಕ್ಕಿಂತ ಸಾಮಾನ್ಯ. ಆಗ ನಾವು ಅಳೆಯುವುದು ಆ ಗಂಡನ್ನು, ತಳಿಯನ್ನಲ್ಲ.

ಒಂದು ಕುದುರೆ ಯಾವ ತಳಿಗೆ ಹತ್ತಿರ ಎಂದು ಕೇಳಿದರೆ ಹಲವು ವ್ಯವಸ್ಥೆಗಳನ್ನು ಒಟ್ಟಿಗೆ ಗುಣಿಸಬೇಕು. ಒಂದು ತಳಿಯಲ್ಲಿ ಬಿ 0.8, ಇನ್ನೊಂದರಲ್ಲಿ 0.4 ಇದೆ ಎನ್ನೋಣ. ಬಿ ಬಿ ಕುದುರೆ ಮೊದಲನೆಯದರಲ್ಲಿ 0.64, ಎರಡನೆಯದರಲ್ಲಿ 0.16 ಸಿಗುತ್ತದೆ: ನಾಲ್ಕು ಪಟ್ಟು. ಇಂಥ ಮೂರು ವ್ಯವಸ್ಥೆ ಒಂದೇ ಕಡೆ ವಾಲಿದರೆ 64 ಪಟ್ಟು. ಅದು ಆ ಎರಡು ತಳಿಗಳ ನಡುವಿನ ಹೋಲಿಕೆ ಮಾತ್ರ. ಕುದುರೆ ಮೂರನೆಯ ತಳಿಯದಾಗಿದ್ದರೂ ಲೆಕ್ಕ ಈ ಎರಡರಲ್ಲೊಂದನ್ನೇ ತೋರಿಸುತ್ತದೆ. ಅಮೆರಿಕದ ಕಾಡು ಮಸ್ಟಾಂಗ್ ಹಿಂಡುಗಳು ಯಾವ ತಳಿಗಳಿಗೆ ಹತ್ತಿರ, ಅವುಗಳಲ್ಲಿ ವೈವಿಧ್ಯ ಎಷ್ಟು ಉಳಿದಿದೆ ಎಂಬುದನ್ನು ತಳಿವಿಜ್ಞಾನಿ ಗಸ್ ಕೊಥ್ರನ್ ಮೊದಲು ಅಳೆದದ್ದು ಈ ಪ್ರೋಟೀನುಗಳಿಂದಲೇ. ಹಿಂಡಿಗೆ ಇದು ಒಳ್ಳೆಯ ಅಳತೆಗೋಲು, ಒಂಟಿ ಕುದುರೆಗೆ ಸಾಲದು.

ಈ ಪ್ರೋಟೀನುಗಳು ಹೊರಗಿನ ಮೈಬಣ್ಣವನ್ನು ತೋರಿಸಿಕೊಟ್ಟ ಒಂದು ಸಂದರ್ಭವಂತೂ ಉಂಟು. ಟೊಬಿಯಾನೊ ಎಂಬುದು ಬೆನ್ನ ಮೇಲಿಂದ ಹಾಯುವ ದೊಡ್ಡ ಬಿಳಿ ಪಟ್ಟೆಗಳ ಬಗೆ. ನಮ್ಮ ಪಂಚಕಲ್ಯಾಣಿಯ ಮುಖ ಮತ್ತು ಕಾಲ್ಗಳ ಬಿಳಿ ಬೇರೆ, ಇದು ಬೇರೆ. ಥರೋಬ್ರೆಡ್‌ನಲ್ಲಿ ಇದಿಲ್ಲ. ಟೊಬಿಯಾನೊ ಪ್ರಬಲ ಗುಣವಾದ್ದರಿಂದ ಒಂದು ಪ್ರತಿ ಇದ್ದರೂ ಪಟ್ಟೆ, ಎರಡಿದ್ದರೂ ಪಟ್ಟೆ. ಎರಡಿದ್ದರೆ ಮಾತ್ರ ಮರಿಗಳೆಲ್ಲ ಪಟ್ಟೆಯವು. 1987ರಲ್ಲಿ ಡೇವಿಸ್‌ನ ತಳಿವಿಜ್ಞಾನಿ ಆನ್ ಬೌಲಿಂಗ್ ತೋರಿಸಿಕೊಟ್ಟದ್ದು: ಬೇರೆ ಬೇರೆ ತಳಿಗಳಲ್ಲೂ ಟೊಬಿಯಾನೊ ಇರುವ ವರ್ಣತಂತುವಿನಲ್ಲಿ ಆಲ್ಬುಮಿನ್ ಬಿ ಮತ್ತು ಜಿಸಿ ಎಸ್ ಜೊತೆಯಾಗಿಯೇ ಇರುತ್ತವೆ. ಆದ್ದರಿಂದ ಪಟ್ಟೆಯ ಕುದುರೆಯೊಂದು ಎಎಲ್ ಎ/ಬಿ, ಜಿಸಿ ಎಫ್/ಎಸ್ ಆಗಿದ್ದರೆ ಬಿ-ಎಸ್ ಜೋಡಿ ಒಂದೇ ವರ್ಣತಂತುವಿನಲ್ಲಿದೆ, ಟೊಬಿಯಾನೊ ಒಂದೇ ಪ್ರತಿ ಎಂದು ಬಹುಮಟ್ಟಿಗೆ ಹೇಳಬಹುದಿತ್ತು. ಎಎಲ್ ಬಿ, ಜಿಸಿ ಎಸ್ ಆಗಿದ್ದರೆ ಎರಡು ಪ್ರತಿ ಇರಬಹುದು. ಪಟ್ಟೆಯಿಲ್ಲದ ಕಡೆಯಿಂದಲೂ ಬಿ-ಎಸ್ ಬಂದಿರಲು ಸಾಧ್ಯವಿದ್ದುದರಿಂದ ಖಚಿತವಲ್ಲ. ಈ ಬಿಡಿಸಲಾಗದ ಜೊತೆಗೆ ಕಾರಣ 2007ರಲ್ಲಿ ಸಿಕ್ಕಿತು. ಟೊಬಿಯಾನೊ ಎಂಬುದು 3ನೇ ವರ್ಣತಂತುವಿನಲ್ಲಿ ಕಿಟ್ ಜೀನಿನ ಹತ್ತಿರದಿಂದ ಶುರುವಾಗುವ ದೊಡ್ಡದೊಂದು ತುಂಡು ತಲೆಕೆಳಗಾಗಿ ಕೂತ ಸ್ಥಿತಿ. ತಿರುಗಿ ಕೂತ ತುಂಡಿನಲ್ಲಿ ಜೀನುಗಳ ಅದಲುಬದಲು ಸಲೀಸಾಗಿ ನಡೆಯುವುದಿಲ್ಲ, ಹಾಗಾಗಿ ಹಳೆಯ ಒಡನಾಡಿಗಳು ತಲೆಮಾರು ದಾಟಿದರೂ ಜೊತೆ ಬಿಡುವುದಿಲ್ಲ. ಆಲ್ಬುಮಿನ್ ಪಟ್ಟೆ ಹುಟ್ಟಿಸುವುದಿಲ್ಲ, ಪಕ್ಕದಲ್ಲಿ ಕೂತಿದೆ ಅಷ್ಟೇ.

ಟಿಎಫ್ ಡಿ ಇದ್ದರೆ ಚೆನ್ನಾಗಿ ಓಡುತ್ತದೆ ಎಂಬ ಮಾತು ನಂಬಲು ಯೋಗ್ಯವಲ್ಲ. ಹೆಸರಾಂತ ಒಂದು ಗಂಡು ಡಿ ಆಗಿದ್ದರೆ ಅದರ ಮರಿಗಳಲ್ಲಿ ಡಿ ಹೆಚ್ಚುತ್ತದೆ, ಮರಿಗಳು ಓಡಿದರೆ ಹೊಗಳಿಕೆ ಡಿಗೆ ಹೋಗುತ್ತದೆ. ಜೆಲ್ಲಿನಲ್ಲಿ ಬೇಗ ಓಡುವ ಪ್ರೋಟೀನಿಗೂ ಮೈದಾನದಲ್ಲಿ ಓಡುವ ಕುದುರೆಗೂ ಸಂಬಂಧವಿಲ್ಲ. ಚೀಟಿಯ ಪ್ರೋಟೀನು ನೋಡಿ ಕುದುರೆ ಕೊಳ್ಳಬೇಡಿ.

ಚೀಟಿಯಲ್ಲಿ ಪ್ರೋಟೀನುಗಳ ಜೊತೆ ಎ, ಸಿ, ಡಿ, ಕೆ, ಪಿ, ಕ್ಯೂ, ಯು ಎಂಬ ಸಾಲೂ ಇದ್ದರೆ ಅದನ್ನು ಬೇರೆಯಾಗಿ ನೋಡಿ. ಅದು ಕೆಂಪುಕಣದ ರಕ್ತಗುಂಪು. ನಿಮ್ಮ ಹೆಣ್ಣು ಕುದುರೆಗಳಿಗೆ ಇದರಿಂದ ನೇರ ಉಪಯೋಗವಿದೆ. ಎಎ ಅಥವಾ ಕ್ಯೂಎ (ಎ ಗುಂಪಿನ ಎ, ಕ್ಯೂ ಗುಂಪಿನ ಎ) ಎಂಬ ಅಂಶ ತಾಯಿಯಲ್ಲಿಲ್ಲದೆ, ತಂದೆಯಿಂದ ಮರಿಗೆ ಬಂದಿದ್ದು, ತಾಯಿಯ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯ ಬೆಳೆದಿದ್ದರೆ, ಗಿಣ್ಣುಹಾಲು ಕುಡಿದ ಮರಿಯ ಕೆಂಪುಕಣಗಳು ಒಡೆಯುತ್ತವೆ. ಹುಟ್ಟಿದಾಗ ಗಟ್ಟಿಮುಟ್ಟಾಗಿದ್ದ ಮರಿ ಒಂದೆರಡು ದಿನದಲ್ಲಿ ಸೋತು, ಕಣ್ಣು ಒಸಡು ಹಳದಿಯಾಗಿ, ಮೂತ್ರ ಕೆಂಪಾಗುತ್ತದೆ. ಈ ಎರಡು ಅಂಶ ತಾಯಿಯಲ್ಲಿಲ್ಲ ಎಂದು ಗೊತ್ತಿದ್ದರೆ ಈಯುವ ಮುಂಚಿನ ಎರಡು ಮೂರು ವಾರದಲ್ಲಿ ಪಶುವೈದ್ಯರಿಂದ ಪ್ರತಿಕಾಯದ ಪರೀಕ್ಷೆ ಮಾಡಿಸಿ. ಇದೆ ಎಂದಾದರೆ ಹುಟ್ಟಿದ ಕೂಡಲೇ ಮರಿಗೆ ಬಾಯಿಕುಕ್ಕೆ ಕಟ್ಟಿ, ತಾಯಿಯ ಗಿಣ್ಣನ್ನು ಕರೆದು ಚೆಲ್ಲಿ, ವೈದ್ಯರು ಹೇಳಿದ ಬೇರೆ ಕುದುರೆಯ ಗಿಣ್ಣನ್ನು ಕುಡಿಸಬೇಕು. ಎರಡು ದಿನ ಕಳೆದ ಮೇಲೆ ತಾಯಿಯ ಹಾಲಿನಿಂದ ಅಪಾಯವಿಲ್ಲ. ಹೇಸರಗತ್ತೆ ಮರಿಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಕುದುರೆಯಲ್ಲಿ ಇಲ್ಲದ ಅಂಶವೊಂದು ಕತ್ತೆಯ ಕೆಂಪುಕಣದಲ್ಲಿದೆ.

ಕೊನೆಯ ಪ್ರಶ್ನೆ, ಡಿಎನ್‌ಎ. ನೇರ ತಾಳೆ ಆಗದು. ಇಂದಿನ ಪರೀಕ್ಷೆ ನೋಡುವುದು ಮೈಕ್ರೊಸ್ಯಾಟಲೈಟ್ ಎಂಬ ಡಿಎನ್‌ಎ ತುಣುಕುಗಳನ್ನು. ವಿಎಚ್‌ಎಲ್20, ಎಚ್‌ಟಿಜಿ4, ಎಎಚ್‌ಟಿ4, ಎಚ್‌ಎಂಎಸ್7 ಅವುಗಳಲ್ಲಿ ಕೆಲವು, ಸಾಮಾನ್ಯವಾಗಿ 12ರಿಂದ 17. ಇವು ಪ್ರೋಟೀನು ಕಟ್ಟುವ ಜೀನುಗಳಲ್ಲ. ಗೊಂದಲ ಹುಟ್ಟಿಸುವುದೇನೆಂದರೆ ಕುದುರೆಯ ಡಿಎನ್‌ಎ ವರದಿಯಲ್ಲೂ ಆಲೀಲ್‌ಗಳಿಗೆ ಅಕ್ಷರಗಳನ್ನೇ ಕೊಡುತ್ತಾರೆ. "ಎಎಚ್‌ಟಿ4 ಎಚ್/ಒ" ಎಂಬುದರ ಒ ಬೇರೆ, "ಟಿಎಫ್ ಡಿ/ಒ" ಎಂಬುದರ ಒ ಬೇರೆ. ಅಲ್ಲಿ ಅಕ್ಷರ ಹೇಳುವುದು ತುಣುಕಿನ ಉದ್ದ, ಇಲ್ಲಿ ಜೆಲ್ಲಿನ ಓಟ. ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ಅಕ್ಷರ ಹೊಂದಿಸಲು ಹೋಗಬೇಡಿ.

ನಿಮ್ಮ ಎರಡು ಕುದುರೆಗಳದು ಥರೋಬ್ರೆಡ್ ದಾಖಲೆಯಾದರೆ ಮೊದಲು ಪುಣೆಯ ಸ್ಟಡ್ ಬುಕ್ ಅಥಾರಿಟಿ ಆಫ್ ಇಂಡಿಯಾಗೆ ಅವುಗಳ ಹೆಸರು, ಹುಟ್ಟಿದ ವರ್ಷ, ತಾಯಿ ತಂದೆಯ ಹೆಸರು ಬರೆದು ಕೇಳಿ. ಹೊಸದಾಗಿ ಮಾದರಿ ಕಳಿಸಬೇಕಾಗಿ ಬಂದರೆ ಬಾಲ ಅಥವಾ ಕೇಸರದ 20ರಿಂದ 30 ಕೂದಲನ್ನು ಬೆರಳಿಗೆ ಸುತ್ತಿಕೊಂಡು ಬೇರುಸಹಿತ ಎಳೆಯಿರಿ; ಕತ್ತರಿಯಿಂದ ಕತ್ತರಿಸಿದ ಕೂದಲು ಕೆಲಸಕ್ಕೆ ಬಾರದು, ಬೇಕಾದ ಜೀವಕೋಶ ಇರುವುದು ಬೇರಿನ ಗುಂಡಿನಲ್ಲಿ. ಪ್ಲಾಸ್ಮಾ ಅಥವಾ ರಕ್ತ ಏರಿಸಿದ ಕುದುರೆಗೂ ಕೂದಲೇ ಸರಿ. ಒಂದು ಕುದುರೆಯದು ಮುಗಿದ ಮೇಲೆ ಕೈ ತೊಳೆದು ಇನ್ನೊಂದಕ್ಕೆ ಹೋಗಿ, ಒಂದೊಂದರದ್ದನ್ನು ಬೇರೆ ಬೇರೆ ಕಾಗದದ ಲಕೋಟೆಗೆ ಹಾಕಿ ಕುದುರೆಯ ಹೆಸರನ್ನು ಅಲ್ಲೇ ಲಾಯದಲ್ಲಿ ನಿಂತೇ ಬರೆಯಿರಿ. ಪ್ಲಾಸ್ಟಿಕ್ ಕವರಿಗೆ ಹಾಕಿದರೆ ತೇವ ಹಿಡಿದು ಬೂಸ್ಟು ಬರುತ್ತದೆ.